ಮಿಸಾಕಿ ಇನ್ನೂ ಉಂಡಿರಲಿಲ್ಲ

ಮೋಟೆಬೆನ್ನೂರು ದಾಟಿ ಬಸ್ಸು ಬ್ಯಾಡಗಿಯ ಕಡೆ ಹೊರಳಿತೆಂದರೆ ಒಳಗೆ ಕೂತವರಲ್ಲಿ ಪರಊರಿನವರು ಯಾರೆಂದು ಕೇಳಬೇಕಾಗಿಲ್ಲ. ಮೆಣಸಿನಕಾಯಿ ಘಾಟು ಊರಿಗಿಂತ ಮೊದಲೇ ಬಂದು ಎದುರುಗೊಳ್ಳುತ್ತದೆ, ಅವರು ಒಬ್ಬರ ಹಿಂದೊಬ್ಬರು ಸೀನತೊಡಗುತ್ತಾರೆ, ನಾವು ಊರಿನವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತೇವೆ. ಮೊನ್ನೆ ಧಾರವಾಡದಿಂದ ಬರುವಾಗಲೂ ಹಾಗೇ ಆಯಿತು. ಹಿಂದಿನ ಸೀಟಿನ ಹುಡುಗಿಯೊಬ್ಬಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಾಗಬಾರದೆಂಬಂತೆ ಸಣ್ಣಗೆ ಸೀನಿದಳು. ಎಲ್ಲರೂ ನಕ್ಕರು. ನಾನು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿದೆ. ಹಾಗೆ ಸೀನುತ್ತಿದ್ದವಳೊಬ್ಬಳು ಒಂದು ಚಳಿಗಾಲ ನಮ್ಮ ಮನೆಯಲ್ಲಿದ್ದಳು. ಅವಳಿಗೆ ನಾವು ಮಾಡಿದ್ದನ್ನು ನೆನೆಯದೆ ಆ ಘಾಟನ್ನು ಉಸಿರಾಡುವುದು ನನ್ನಿಂದ ಇನ್ನೂ ಆಗಿಲ್ಲ.

ಆಗ ನಾನು ಹಾವೇರಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ನಮ್ಮ ಕಾಲೇಜಿಗೂ ಜಪಾನಿನ ಒಂದು ಸಣ್ಣ ಊರಿನ ಕಾಲೇಜಿಗೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಾಗಿತ್ತು. ಚಳಿಗಾಲದಲ್ಲಿ ಅವರು ಬಂದು ನಮ್ಮ ಮನೆಗಳಲ್ಲಿ ಇರುವುದು, ಬೇಸಿಗೆ ಶುರುವಾಗುವಾಗ ನಾವು ಹೋಗಿ ಅವರ ಮನೆಗಳಲ್ಲಿ ಇರುವುದು. ಹಾಸ್ಟೆಲ್ಲೂ ಇಲ್ಲ, ಹೋಟೆಲ್ಲೂ ಇಲ್ಲ. ಮನೆಯವರು ಉಣ್ಣುವುದನ್ನೇ ಉಂಡು, ಅವರು ಮಲಗುವಲ್ಲೇ ಮಲಗಬೇಕು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಸುನಂದಾ ಮೇಡಂ ಶನಿವಾರಕ್ಕೊಮ್ಮೆ ನಮಗೆ ಜಪಾನಿ ಭಾಷೆಯನ್ನೂ ಕಲಿಸುತ್ತಿದ್ದರು. ನಾಲ್ಕಕ್ಷರ ಕಲಿತದ್ದಕ್ಕೇ ನನಗೆ ಆಗ ರೆಕ್ಕೆ ಬಂದಿದ್ದವು. ನಮ್ಮ ಓಣಿಯಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲ ಹುಡುಗಿ ನಾನೇ.

ನಮ್ಮ ಮನೆಗೆ ಬಂದವಳು ಮಿಸಾಕಿ. ಅವಳು ಹಿಂದಿರುಗಿದ ಮೇಲೆ ನಾನು ಅವಳ ಮನೆಗೆ ಹೋಗಬೇಕು ಎಂದು ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ ಮತ್ತು ನಾನು. ಅಪ್ಪನದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅಪ್ಪ ಮಾತಿನ ಮನುಷ್ಯ, ಗೋಡೆಯ ಜೊತೆಗೂ ಮಾತಾಡಿಯಾನು. ಮಿಸಾಕಿಗೆ ಕನ್ನಡ ಬರುವುದಿಲ್ಲ ಎಂಬುದು ಅವನಿಗೆ ಒಂದು ಅಡ್ಡಿಯೇ ಅಲ್ಲ. ಅವಳು ಬಂದ ದಿನವೇ ‘ಬಾರವ್ವಾ, ಇದು ನಿನ್ನ ಮನೀನ. ನಾಚಬ್ಯಾಡ’ ಎಂದು ಶುರು ಮಾಡಿದವನು ಆ ವರ್ಷದ ಮೆಣಸಿನಕಾಯಿ ದರದವರೆಗೆ ಎಲ್ಲವನ್ನೂ ಹೇಳಿದ. ಅವಳು ಪ್ರತಿಯೊಂದಕ್ಕೂ ತಲೆಬಾಗಿ, ಹೌದು ಎನ್ನುವುದಕ್ಕೆ ಅವರ ಭಾಷೆಯಲ್ಲಿರುವ ಮಾತಿನಲ್ಲಿ, ‘ಹಾಯ್, ಹಾಯ್’ ಎಂದಳು. ಅಜ್ಜಿ ಮಾತ್ರ ಅವಳು ಹಾಗೆ ಬಾಗುವುದನ್ನು ನೋಡಿ, ‘ಹುಡುಗಿ ಏನರ ಕಳಕೊಂಡೈತಿ ನೋಡ್ರಿ, ಆಗಿಂದ ನೆಲಾನ ಹುಡುಕಾಕತ್ತೈತಿ’ ಎಂದಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಮಿಸಾಕಿ ಕಪ್ಪು ಕೆಳಗಿಟ್ಟು, ಅಪ್ಪನಿಗೊಂದು ಮಾತು ಹೇಳಬೇಕು ಎಂದು ನನಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಅವಳ ತಾಯಿಗೆ ಆಸ್ಪತ್ರೆಯಲ್ಲಿ ಹಗಲಿರುಳೆನ್ನದ ಕೆಲಸ. ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದೆಲ್ಲ ಅವಳ ಅಜ್ಜಿ. ಆ ಅಜ್ಜಿಗೆ ಹೃದಯದ ಬೇನೆ. ತಾನು ಬರುವುದಿಲ್ಲ ಎಂದು ಹಟ ಹಿಡಿದಿದ್ದವಳನ್ನು ಅಜ್ಜಿಯೇ ಬೈದು ಕಳಿಸಿದ್ದಳಂತೆ. ‘ಅವರಿಗೆ ಏನಾದರೂ ಆದರೆ ನನಗೆ ತಕ್ಷಣ ಹೇಳಬೇಕು. ಯಾವ ಹೊತ್ತಾದರೂ ಸರಿ, ನಾನು ಎಲ್ಲೇ ಇದ್ದರೂ ಸರಿ. ಇದೊಂದನ್ನೇ ನಾನು ಕೇಳುವುದು.’ ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಎದ್ದು ಅವಳ ತಲೆಯ ಮೇಲೆ ಕೈಯಿಟ್ಟು, ‘ಹೇಳವಾ ಆಕಿಗೆ. ನನಗ ತಿಳೀತಂದ್ರ ಆಕಿಗೆ ತಿಳಿದಂಗ. ನನ್ನ ಮಗಳಿಗೆ ಹೆಂಗೋ ಆಕಿಗೂ ಹಂಗ’ ಎಂದ. ಅದನ್ನು ನಾನು ಚಾಚೂ ತಪ್ಪದೆ ಅನುವಾದಿಸಿದೆ. ಮಿಸಾಕಿಯ ಮುಖ ಅರಳಿತು. ನನ್ನ ಮಗಳಿಗೆ ಹೇಗೋ ಹಾಗೆ ಎನ್ನುವುದರಲ್ಲಿ ಎಂಥ ಅಪಾಯವಿತ್ತೆಂದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅದು ಮೆಣಸಿನಕಾಯಿಯ ಭರಾಟೆಯ ಕಾಲ. ಸುಗ್ಗಿಯಲ್ಲಿ ನಮ್ಮೂರಿಗೆ ಬೇರೆ ಬಣ್ಣವೇ ಇರುವುದಿಲ್ಲ. ಎತ್ತ ನೋಡಿದರೂ ಚೀಲ, ಲಾರಿ, ಕಣ್ಣಿಗೆ ರಾಚುವ ಕೆಂಪು. ಮಿಸಾಕಿ ಅಂಗಡಿಯ ಹಿಂದೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತುಬಿಡುತ್ತಿದ್ದಳು. ಮೊದಲ ದಿನ ಅದೇ ಕೈಯಿಂದ ಕಣ್ಣುಜ್ಜಿಕೊಂಡು ಅತ್ತಳು. ಅಜ್ಜಿ ಅವಳ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ‘ನಮ್ಮ ಮೆಣಸಿನಕಾಯಿ ನಿನ್ನ ಗುರುತು ಹಿಡೀತು ಬಿಡು’ ಎಂದು ಸಮಾಧಾನ ಮಾಡಿದಳು. ಉಣ್ಣುವ ಮೊದಲು ಅವಳು ಕೈಮುಗಿದು ಏನೋ ಹೇಳಿಕೊಳ್ಳುವುದು ಅಜ್ಜಿಗೆ ಬಹಳ ಹಿಡಿಸಿತ್ತು. ‘ಶೈಲಾ, ಕಲಿ ಆಕಿನ್ನ ನೋಡಿ. ನೀ ತಾಟು ಕಂಡ ಕೂಡಲೇ ಬಿದ್ದುಬಿಡತಿ’ ಎಂದು ನನಗೆ ತಿವಿಯುತ್ತಿದ್ದಳು. ಓಣಿಯವರ ಬಾಯಲ್ಲಿ ಅವಳು ಹದಿನೈದು ದಿನ ತುಂಬುವುದರೊಳಗೆ ಮಿಸಕ್ಕ ಆಗಿಹೋದಳು.

ಮಾರುಕಟ್ಟೆಯಲ್ಲೇ ಒಂದು ದಿನ ಅವಳ ಫೋನು ಹಾಳಾಯಿತು. ಚೀಲದ ರಾಶಿಯ ಫೋಟೊ ತೆಗೆಯುತ್ತಿದ್ದವಳಿಗೆ ಸೀನು ಬಂತು, ಫೋನು ಕೈಜಾರಿತು, ಹಿಂದಿದ್ದ ಕೈಗಾಡಿ ಅದರ ಮೇಲೆ ಹಾಯ್ದುಹೋಯಿತು. ರಾಣೆಬೆನ್ನೂರಿನಲ್ಲಿ ರಿಪೇರಿಗೆ ಕೊಟ್ಟೆವು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು ಎಂದರು. ಡಿಗ್ರಿ ಮುಗಿಯುವವರೆಗೆ ದೊಡ್ಡ ಫೋನಿಲ್ಲ ಎಂಬುದು ಅಪ್ಪನ ಕಾಯಿದೆಯಾದ್ದರಿಂದ ನನ್ನಲ್ಲಿದ್ದದ್ದು ಬಟನ್ನಿನ ಡಬ್ಬಿ. ಹೀಗಾಗಿ ಬೆಳಗಿನ ಹೊತ್ತು ಅಪ್ಪನ ಫೋನಿನಲ್ಲೇ ಅವಳು ಮನೆಯವರ ಮುಖ ನೋಡಿ ಮಾತಾಡುತ್ತಿದ್ದಳು. ಆಗ ನಮ್ಮಜ್ಜಿಯೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಆ ಕಡೆ ಬಿಳಿಗೂದಲಿನ, ಗುಬ್ಬಿಯಷ್ಟು ಸಣ್ಣ ಮುದುಕಿ. ಈ ಕಡೆ ಎಲೆಅಡಿಕೆ ಮೆಲ್ಲುವ ನಮ್ಮಜ್ಜಿ. ‘ಗುಳಿಗಿ ತಗೊಂಡ್ರೇನ್ರಿ?’ ಎಂದು ಇವಳು ಕೂಗಿ ಕೇಳುವಳು. ಅವಳು ಜಪಾನಿಯಲ್ಲಿ ಇನ್ನೇನೋ ಹೇಳಿ ನಗುವಳು. ಒಂದು ಸಲ ಆ ಅಜ್ಜಿ ಫೋನನ್ನು ಹಿಡಿದುಕೊಂಡು ಮನೆಯೊಳಗೆ ನಡೆದುಹೋಗಿ, ನಾನು ಬಂದರೆ ಮಲಗುವ ಕೋಣೆಯನ್ನು ತೋರಿಸಿದಳು. ಚಾಪೆಯ ನೆಲ, ಕಿಟಕಿಯಾಚೆ ಎಲೆಯುದುರಿದ ಒಂದು ಗಿಡ. ನಾನು ಬರುವ ಹೊತ್ತಿಗೆ ಅದು ಹೂಬಿಟ್ಟಿರುತ್ತದೆ ಎಂದಳಂತೆ.

ಮಿಸಾಕಿ ಹೊರಡಲು ಒಂದು ವಾರವಿತ್ತು. ಮೇಡ್ಲೇರಿಯಲ್ಲಿರುವ ಅಪ್ಪನ ತಂಗಿ, ನನ್ನ ಸೋದರತ್ತೆ, ಹುಡುಗಿಯನ್ನು ಸೀರೆ ಉಡಿಸಿ, ಹೋಳಿಗೆ ಉಣಿಸಿಯೇ ಕಳಿಸಬೇಕೆಂದು ಪಟ್ಟು ಹಿಡಿದಳು. ನಾವಿಬ್ಬರೂ ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಮೇಡ್ಲೇರಿಗೆ ಹೋದೆವು. ತುಂಗಭದ್ರೆಯ ದಂಡೆಯ ಗದ್ದೆಗಳನ್ನು ನೋಡಿ ಮಿಸಾಕಿ ತನ್ನೂರೂ ಹೀಗೆಯೇ ಎಂದಳು. ಅತ್ತೆ ಅವಳಿಗೆ ಇಳಕಲ್ ಸೀರೆ ಉಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ದೃಷ್ಟಿ ತೆಗೆದಳು. ಒಳಗೆ ಹೂರಣ ರುಬ್ಬುವ ಸದ್ದಿತ್ತು.

ಅದೇ ಹೊತ್ತಿಗೆ ಬ್ಯಾಡಗಿಯ ಅಂಗಡಿಯಲ್ಲಿ ಅಪ್ಪನ ಫೋನು ಬಾರಿಸಿತು. ಇದು ನನಗೆ ಗೊತ್ತಾದದ್ದು ಆಮೇಲೆ, ಅವ್ವನಿಂದ. ಸುನಂದಾ ಮೇಡಂ ಮಾತಾಡಿದ್ದು: ‘ಮಿಸಾಕಿ ಅಜ್ಜಿಗೆ ಭಾಳ ಆರಾಮಿಲ್ಲಂತ್ರಿ. ಅವರ ತಾಯಿ ಫೋನ್ ಮಾಡಿದ್ರು. ಹುಡುಗಿಗೆ ಒಂಟಿ ಇದ್ದಾಗ ತಿಳಿಯೂದು ಬ್ಯಾಡ, ಮನಿಯವರು ಬಾಜೂಕ ಕುಂತು ಹೇಳಲಿ ಅಂದಾರ. ಹೇಳಿ, ಲಗೂ ಫೋನ್ ಮಾಡಸ್ರಿ.’ ಅಪ್ಪ ‘ತಿಳೀತ್ರಿ ಮೇಡಂ’ ಎಂದ. ಮೇಡಂ ಪರೀಕ್ಷೆಯ ಕೋಣೆಗೆ ಹೋದರು. ಅಪ್ಪ ಅಲ್ಲೇ ಚೀಲದ ಮೇಲೆ ಕುಸಿದು ಕೂತನಂತೆ.

ಅಪ್ಪನಿಗೆ ತಿಳಿದದ್ದು ಏನೆಂದು ಹೇಳಬೇಕಾದರೆ ನಮ್ಮ ಕಡೆಯ ರೀತಿಯನ್ನು ಹೇಳಬೇಕು. ನಮ್ಮಲ್ಲಿ ಸಾವಿನ ಸುದ್ದಿ ಸಾವೆಂದು ಬರುವುದಿಲ್ಲ. ಯಾರಾದರೂ ತೀರಿಕೊಂಡರೆ ದೂರದವರಿಗೆ ‘ಸ್ವಲ್ಪ ಆರಾಮಿಲ್ಲ, ಬಂದು ನೋಡಿ ಹೋಗ್ರಿ’ ಎಂದೇ ಹೇಳಿ ಕಳಿಸುತ್ತಾರೆ. ಕೇಳಿದವರೂ ಮುಂದೆ ಏನೂ ಕೇಳುವುದಿಲ್ಲ. ನಮ್ಮ ಅಜ್ಜ ಸತ್ತಾಗ ಕುಪ್ಪೇಲೂರಿನ ಮಾವನಿಗೆ ಹೋದದ್ದೂ ಅದೇ ಮಾತು. ಮಾವ ಸುಮ್ಮನೆ ಎರಡು ರೊಟ್ಟಿ ತಿಂದು, ಮಕ್ಕಳಿಗೂ ತಿನ್ನಿಸಿ, ಆಮೇಲೆ ಹೆಂಡತಿಗೆ ಹೇಳಿ ಬಸ್ಸು ಹತ್ತಿದ್ದ. ಸಾವೆಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಮುಗಿಯಿತು, ಮಣ್ಣಾಗುವವರೆಗೆ ಬಾಯಿಗೆ ಏನೂ ಹೋಗುವುದಿಲ್ಲ. ಆದ್ದರಿಂದ ಮೊದಲು ಉಣಿಸುವುದು, ಆಮೇಲೆ ಹೇಳುವುದು. ಇದು ನಮ್ಮಲ್ಲಿ ಮೋಸವಲ್ಲ, ಅಂತಃಕರಣ. ಜಪಾನಿನಿಂದ ಫೋನು ಮಾಡಿ ಆರಾಮಿಲ್ಲ ಎನ್ನುತ್ತಾರೆ, ಮನೆಯವರೇ ಪಕ್ಕದಲ್ಲಿ ಕೂತು ಹೇಳಬೇಕು ಎನ್ನುತ್ತಾರೆ, ಇನ್ನೇನು ಉಳಿಯಿತು? ಆ ಅಜ್ಜಿ ಸತ್ತಳು ಎಂದು ಅಪ್ಪ ತಿಳಿದ. ನಮ್ಮೂರಿನ ಯಾರೇ ಆಗಿದ್ದರೂ ಹಾಗೇ ತಿಳಿಯುತ್ತಿದ್ದರು.

ಅಪ್ಪ ಅತ್ತೆಗೆ ಫೋನು ಮಾಡಿ ಹೇಳಿದ್ದು ಇಷ್ಟು: ‘ಆ ಹುಡುಗೀದು ಅಜ್ಜಿ ಹೋಗ್ಯಾಳ. ಏನೂ ಹೇಳಬ್ಯಾಡ. ಶೈಲಾಗೂ ಹೇಳಬ್ಯಾಡ, ಆಕಿ ಮಾರಿ ನೋಡಿದ್ರ ತಿಳದಬಿಡತದ. ಹೊಟ್ಟಿತುಂಬ ಉಣಸು. ನಾ ಗಾಡಿ ತಗೊಂಡು ಬರತೇನಿ.’

ಅತ್ತೆ ಹೊಟ್ಟೆತುಂಬ ಉಣಿಸಿದಳು. ಆ ಊಟ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಮಿಸಾಕಿ ಕೈಮುಗಿದು ತನ್ನ ಮಾತು ಹೇಳಿಕೊಂಡಳು. ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸಾಕು ಎಂದರೂ ಬಿಡಲಿಲ್ಲ; ‘ಇನ್ನೊಂದ ತಗೊ ನನ್ನವ್ವಾ, ಮತ್ತ ಯಾವಾಗ ಉಣತೀಯೋ’ ಎನ್ನುತ್ತ ಇನ್ನೊಂದು ಹಾಕಿದಳು. ಹೀಗೆನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. ಮಿಸಾಕಿ ಅದನ್ನು ಅಗಲಿಕೆಯ ಕಣ್ಣೀರೆಂದುಕೊಂಡಳು, ನಾನೂ ಹಾಗೇ ಅಂದುಕೊಂಡೆ. ಅವಳು ಅತ್ತೆಯ ಕೈ ಹಿಡಿದು, ಮುಂದಿನ ವರ್ಷ ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ ಎಂದು ನನ್ನಿಂದ ಹೇಳಿಸಿದಳು. ನಾನು ಉತ್ಸಾಹದಿಂದಲೇ ಹೇಳಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಪ್ಪ ಬಂದ. ಬಂದವನು ಕಟ್ಟೆಯ ಮೇಲೆ ಕೂತ, ಅವಸರ ಮಾಡಲಿಲ್ಲ. ಮಿಸಾಕಿ ಇನ್ನೂ ಊಟದ ಮುಂದೆಯೇ ಇದ್ದಳು. ‘ಉಣ್ಣಲಿ, ಉಣ್ಣಲಿ’ ಎಂದ. ಅಷ್ಟು ಮಾತಾಡುವ ಅಪ್ಪ ಅವತ್ತು ಎರಡೇ ಮಾತಾಡಿದ್ದು ನನಗೆ ವಿಚಿತ್ರವೆನಿಸಿತು. ಅಂಗಡಿಯಲ್ಲಿ ಏನೋ ನಷ್ಟವಾಗಿರಬೇಕು ಎಂದುಕೊಂಡು ಸುಮ್ಮನಾದೆ. ಕಾರಿನಲ್ಲಿ ಮಿಸಾಕಿ ಸೀರೆಯಲ್ಲೇ ಕೂತು ಕಿಟಕಿಗೆ ಮುಖವಿಟ್ಟಿದ್ದಳು. ರಾಣೆಬೆನ್ನೂರಿನಲ್ಲಿ ಅಪ್ಪ ಗಾಡಿ ನಿಲ್ಲಿಸಿ ಎಳನೀರು ಕುಡಿಸಿದ, ಮುಂದೆ ಅವಳ ಗಂಟಲು ಒಣಗುತ್ತದೆ ಎಂದು ತಿಳಿದೇ ಕುಡಿಸಿದ. ಅಲ್ಲಿಂದ ಹೊರಟ ಮೇಲೆ ಅವನ ಫೋನು ಬಾರಿಸಿತು. ತೆಗೆದು ನೋಡಿದ, ಸದ್ದು ಅಡಗಿಸಿ ಬೋರಲು ಹಾಕಿದ. ಮತ್ತೆ ಅದು ಬೋರಲಾಗಿಯೇ ನಡುಗಿತು, ಮತ್ತೂ ನಡುಗಿತು. ‘ಯಾರದಪ್ಪಾ?’ ಎಂದೆ. ‘ಗಾಡಿ ಹೊಡಿಯೂ ಮುಂದ ಮಾತಾಡಬಾರದು’ ಎಂದ. ನಾನು ಮಿಸಾಕಿಗೆ ಅದನ್ನು ಹೇಳಿದೆ. ಅವಳು ಮೆಚ್ಚಿಕೊಂಡು ತಲೆಯಾಡಿಸಿದಳು.

ಆ ಫೋನು ಮಾಡುತ್ತಿದ್ದವಳು ಅವಳ ತಾಯಿ.

ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದರು. ಅಜ್ಜಿ ಮಿಸಾಕಿಯನ್ನು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು. ಅಪ್ಪ ನನ್ನನ್ನು ನೋಡಿ, ‘ಆಕಿ ಅಜ್ಜಿ ತೀರಿಕೊಂಡಾಳಂತ ಹೇಳವಾ. ಮೆಲ್ಲಕ ಹೇಳು’ ಎಂದ. ಶನಿವಾರಗಳಲ್ಲಿ ಕಲಿತ ಜಪಾನಿಯಲ್ಲಿ ಆ ಮಾತಿಗೆ ಬೇಕಾದ ಮೆತ್ತನೆಯ ಶಬ್ದ ನನಗೆ ಗೊತ್ತಿರಲಿಲ್ಲ. ಇದ್ದದ್ದರಲ್ಲೇ ಹೇಳಿದೆ. ಮಿಸಾಕಿ ಕೂಗಲಿಲ್ಲ. ಫೋನು ಬೇಕು ಎಂದು ಕೈ ಚಾಚಿದಳು.

ಅವಳು ತಾಯಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಅಳು ಕೇಳಿತು, ಆಮೇಲೆ ಒಂದೊಂದೇ ಮಾತು. ನನಗೆ ಅರ್ಥವಾಗದಿದ್ದರೆ ಚೆನ್ನಾಗಿತ್ತು, ಆದರೆ ಅಷ್ಟು ಅರ್ಥವಾಗುತ್ತಿತ್ತು. ಅಜ್ಜಿ ಬೆಳಿಗ್ಗೆ ಬದುಕಿದ್ದಳು. ಮಧ್ಯಾಹ್ನ, ನಾವು ಹೋಳಿಗೆ ಉಣ್ಣುವಾಗಲೂ ಬದುಕಿದ್ದಳು. ಎಚ್ಚರವಿತ್ತು. ಮಿಸಾಕಿ ಫೋನು ಮಾಡುತ್ತಾಳೆ ಎಂದು ತಾಯಿ ಅವಳ ಕಿವಿಯ ಹತ್ತಿರ ಫೋನು ಹಿಡಿದುಕೊಂಡೇ ಕೂತಿದ್ದಳು. ‘ಎಲ್ಲಿ, ಇನ್ನೂ ಬರಲಿಲ್ಲವೇ’ ಎಂದು ಮುದುಕಿ ಎರಡು ಸಲ ಕೇಳಿದಳಂತೆ. ಕೊನೆಗೆ ತಾಯಿ ತಾನೇ ಮೇಲಿಂದ ಮೇಲೆ ಮಾಡಿದಳು. ಯಾರೂ ಎತ್ತಲಿಲ್ಲ. ಆ ನಡುವೆಯೇ ಮುದುಕಿಯ ಉಸಿರು ನಿಂತಿತ್ತು.

ಮಿಸಾಕಿ ಫೋನು ಕೆಳಗಿಟ್ಟು ನನ್ನನ್ನು ಕೇಳಿದಳು: ‘ನಿನ್ನ ಅಪ್ಪನಿಗೆ ಯಾವಾಗ ಗೊತ್ತಾಯಿತು?’

ನಾನು ಅದನ್ನೇ ಕನ್ನಡದಲ್ಲಿ ಕೇಳಿದಾಗ ಅಪ್ಪ ತಲೆತಗ್ಗಿಸದೆಯೇ ‘ಮುಂಜಾನೆ’ ಎಂದ. ತಾನು ಮಾಡಿದ್ದೇನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಅಜ್ಜಿ ಮಧ್ಯಾಹ್ನದವರೆಗೂ ಇದ್ದಳು ಎಂದು ನಾನು ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ‘ಇದ್ಳಾ? ಖರೇನ ಇದ್ಳಾ?’ ಎಂದು ಮತ್ತೆ ಮತ್ತೆ ಕೇಳಿದ. ಆಮೇಲೆ ಅವಳ ಕಡೆ ತಿರುಗಿ, ಅವಳಿಗೆ ತಿಳಿಯದ ಭಾಷೆಯಲ್ಲಿ, ಸಣ್ಣ ಹುಡುಗನಂತೆ ಹೇಳಿದ: ‘ನೀ ಇನ್ನೂ ಉಂಡಿರಲಿಲ್ಲವ್ವಾ, ಅದಕ್ಕ...’

ಏನಂದರು ಎಂದು ಮಿಸಾಕಿ ಕೇಳಿದಳು. ನಾನು ಹೇಳಿದೆ. ಹೇಳದೆ ಇರಬಹುದಿತ್ತೇನೋ, ಆದರೆ ಅವಳಿಗೆ ಅವತ್ತು ಇನ್ನೊಂದನ್ನು ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಅವಳು ಎದ್ದು ಹಿತ್ತಲಿಗೆ ಹೋದಳು. ಉಂಡದ್ದನ್ನೆಲ್ಲ ಕಾರಿಕೊಂಡಳು. ಅವ್ವ ನೀರು ಹಿಡಿದುಕೊಂಡು ಹೋದರೆ ತಲೆಬಾಗಿ ತೆಗೆದುಕೊಂಡು, ಬಾಯಿ ಮುಕ್ಕಳಿಸಿ, ತಂಬಿಗೆಯನ್ನು ಎರಡೂ ಕೈಯಿಂದ ಹಿಂದೆ ಕೊಟ್ಟಳು.

ಅವಳು ಅಳಲಿಲ್ಲ. ಅದು ನಮ್ಮವರಿಗೆ ತಡೆಯಲಾಗಲಿಲ್ಲ. ‘ಅಳಸ್ರಿ ಆಕಿನ್ನ, ಎದಿಯೊಳಗ ಕುಂತ್ರ ಜೀವಕ್ಕ ಘಾತ’ ಎಂದು ಹೆಂಗಸರು ಅವಳ ಸುತ್ತ ಕೂತು ತಾವೇ ಅಜ್ಜಿಯ ಹೆಸರೆತ್ತಿ ಹಾಡಿಹಾಡಿ ಅತ್ತರು. ಅವಳು ಇಳಕಲ್ ಸೀರೆಯ ಮಡಿಲಲ್ಲಿ ಕೈಯಿಟ್ಟುಕೊಂಡು ನಡುವೆ ಕೂತಿದ್ದಳು. ನಾವು ಆ ಹುಡುಗಿಯ ಕೊನೆಯ ಮಾತನ್ನು ಕಸಿದುಕೊಂಡದ್ದೂ ಅಲ್ಲದೆ, ಅವಳ ಮೌನವನ್ನೂ ಕಸಿಯಲು ಕೂತಿದ್ದೆವು. ಅದೂ ಪ್ರೀತಿಯಿಂದಲೇ. ನನಗೆ ನಮ್ಮ ಪ್ರೀತಿಯ ಮೇಲೆ ಮೊದಲ ಸಲ ಹೇಸಿಕೆ ಹುಟ್ಟಿದ್ದು ಅವತ್ತು.

ಮರುದಿನವೇ ಅವಳನ್ನು ಹುಬ್ಬಳ್ಳಿಯ ವಿಮಾನ ಹತ್ತಿಸಿದೆವು. ಸೀರೆಯನ್ನು ಮಡಚಿ ಹಾಸಿಗೆಯ ಮೇಲಿಟ್ಟು ಹೋಗಿದ್ದಳು. ಅಪ್ಪ ನಿಲ್ದಾಣದ ಬಾಗಿಲಲ್ಲಿ ಕೈಮುಗಿದು ನಿಂತ. ಅವಳು ಬಂದ ದಿನ ಬಾಗಿದಷ್ಟೇ ಬಾಗಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಹಿಂದಿರುಗಿ ನೋಡಲಿಲ್ಲ. ಸುನಂದಾ ಮೇಡಂ ಮನೆಗೆ ಬಂದು, ‘ನಾ ಇದ್ದದ್ದು ಇದ್ದಂಗ ಹೇಳಿದ್ನೆಲ್ರಿ?’ ಎಂದು ಅತ್ತರು. ‘ಹಂಗ ಹೇಳಿದ್ರ ನಮ್ಮಲ್ಲಿ ಏನ್ ತಿಳ್ಕೋತಾರ್ರಿ ಮೇಡಂ? ನೀವೂ ಈ ಕಡಿಯವರ ಅಲ್ಲೇನು?’ ಎಂದ ಅಪ್ಪ. ಇಬ್ಬರೂ ಸುಳ್ಳಾಡಿರಲಿಲ್ಲ.

ಕೆಲವು ದಿನಗಳ ಮೇಲೆ ಅವಳ ತಾಯಿಯಿಂದ ಮೇಡಂಗೆ ಒಂದು ಮೇಲ್ ಬಂತು. ಮಗಳನ್ನು ಅಕ್ಕರೆಯಿಂದ ನೋಡಿಕೊಂಡದ್ದಕ್ಕೆ ಕೃತಜ್ಞತೆ, ಈ ವರ್ಷ ಮನೆಯಲ್ಲಿ ಅತಿಥಿಯನ್ನು ಇರಿಸಿಕೊಳ್ಳುವ ಸ್ಥಿತಿ ಇಲ್ಲದ್ದಕ್ಕೆ ಕ್ಷಮೆ. ಅಪ್ಪ ಅದನ್ನು ನನ್ನಿಂದ ಕನ್ನಡದಲ್ಲಿ ಓದಿಸಿ, ‘ಸಿಟ್ಟೇನೂ ಕಾಣಾಂಗಿಲ್ಲ ಅಲ್ಲಾ?’ ಎಂದು ಆಸೆಯಿಂದ ಕೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ವಿನಯ ತೋರಿಸುವುದು ಇನ್ನು ಮುಖ ನೋಡುವುದಿಲ್ಲ ಎನ್ನುವವರು ಮಾತ್ರ. ನಾನು ಮಿಸಾಕಿಗೆ ಕಳಿಸಿದ ಯಾವ ಸಂದೇಶಕ್ಕೂ ಉತ್ತರ ಬರಲಿಲ್ಲ. ಬೇರೆ ಮನೆ ನೋಡುತ್ತೇನೆ ಎಂದು ಮೇಡಂ ಹೇಳಿದರು, ನಾನೇ ಬೇಡವೆಂದೆ. ಜಪಾನಿ ಭಾಷೆಯನ್ನು ಬಿಟ್ಟುಬಿಟ್ಟೆ. ಅದರಲ್ಲಿ ನಾನು ತಪ್ಪಿಲ್ಲದೆ ಆಡಿದ ಕೊನೆಯ ವಾಕ್ಯ ‘ನೀನು ಇನ್ನೂ ಉಂಡಿರಲಿಲ್ಲ’ ಎಂಬುದೇ.

ಅಪ್ಪನ ಮಾತು ಆ ಸುಗ್ಗಿಯಿಂದಲೇ ಇಳಿಯಿತು. ಫೋನು ಬಾರಿಸಿದರೆ ಕೈಯಲ್ಲಿದ್ದದ್ದನ್ನು ಚೆಲ್ಲಿ ಓಡುತ್ತಿದ್ದ. ಯಾರಿಗಾದರೂ ಆರಾಮಿಲ್ಲ ಎಂದು ಕೇಳಿದರೆ, ‘ಅದಾರೋ ಹೋಗ್ಯಾರೋ, ಬಿಚ್ಚಿ ಹೇಳ್ರಿ’ ಎಂದು ಒದರಾಡುತ್ತಿದ್ದ. ಜನ ಇವನಿಗೆ ಏನಾಗಿದೆ ಎಂದು ಆಡಿಕೊಂಡರು.

ನಮ್ಮಜ್ಜಿ ಹೋದ ವರ್ಷ ತೀರಿಕೊಂಡಳು. ಮೊನ್ನೆ ನಾನು ಬಸ್ಸಿನಲ್ಲಿ ಬಂದದ್ದು ಅವಳ ವರ್ಷದ ಕಾರ್ಯಕ್ಕೇ. ಅವಳು ಹೋದ ದಿನ ಬೆಳಿಗ್ಗೆ ನಾನು ಧಾರವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಕೆಲಸಕ್ಕೆ ಹೊರಡುವ ಮೊದಲು ತಾಟಿನ ಮುಂದೆ ಕೂತಿದ್ದೆ. ಅಪ್ಪನ ಫೋನು ಬಂತು. ಹೇಗಿದ್ದೀ ಎನ್ನಲಿಲ್ಲ, ಏನು ಮಾಡಾಕತ್ತೀ ಎನ್ನಲಿಲ್ಲ. ‘ಶೈಲಾ, ಅಜ್ಜಿ ಸತ್ತಳು’ ಎಂದ. ‘ಈಗ. ಇನ್ನೂ ಮೈ ಬಿಸಿ ಐತಿ.’ ಆ ಮಾತು ಕಲ್ಲಿನಂತೆ ಬಂದು ಬಡಿಯಿತು. ಕೈಯಲ್ಲಿದ್ದ ತುತ್ತನ್ನು ಏನು ಮಾಡಬೇಕೆಂದು ತಿಳಿಯದೆ ಕೂತೆ. ಆ ಗಳಿಗೆಯಲ್ಲಿ ನಾನು ಬಯಸಿದ್ದು ಹಳೆಯ ಅಪ್ಪನನ್ನು. ಸುಳ್ಳಾದರೂ ಹೇಳಲಿ, ಸ್ವಲ್ಪ ಆರಾಮಿಲ್ಲ ಬಾ ಎನ್ನಲಿ, ಅಳುವ ಮೊದಲು ನನಗೆ ಅಷ್ಟು ದಾರಿಯಾದರೂ ಸಿಗಲಿ ಎಂದು ಜೀವ ಹಂಬಲಿಸಿತು.

ಆ ಕಡೆಯಿಂದ ಅಪ್ಪ ಫೋನಿಡಲಿಲ್ಲ. ಆಮೇಲೆ ಕೇಳಿದ:

‘ಲಗೂನ ಹೇಳಿದ್ನಲ್ಲವಾ, ಈ ಸಲ?’

‘ಹೂಂ ಅಪ್ಪಾ’ ಎಂದೆ.

ಅವನು ಬಿಕ್ಕಿಬಿಕ್ಕಿ ಅಳತೊಡಗಿದ. ಹಡೆದವ್ವ ಮುಂದೆ ಸತ್ತು ಮಲಗಿದ್ದಳು. ಆದರೆ ಆ ಅಳು ಅವಳಿಗಾಗಿ ಅಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.